ಎಕ್ಸ್‌ರೇ ಬೆಳಗ್ಗೆ, ಸ್ಕ್ಯಾನ್ ಸಂಜೆಗೆ: ನಡೆಯುತ್ತಾ?

ನಾನು ರಾಯಚೂರಿನಲ್ಲಿ ಹಲ್ಲು ಮತ್ತು ದವಡೆಯ ಎಕ್ಸ್‌ರೇ ತೆಗೆದು ವರದಿ ಬರೆಯುವ ವೈದ್ಯೆ. ಹಲ್ಲು ಕೀಳುವುದು, ತುಂಬುವುದು ನನ್ನ ಕೆಲಸವಲ್ಲ. ಬೇರೆ ಡಾಕ್ಟರು ಕಳಿಸಿದವರ ಚಿತ್ರ ನೋಡಿ, ಅದರಲ್ಲಿ ಏನಿದೆ ಏನಿಲ್ಲ ಎಂದು ಹೇಳುವುದು ನನ್ನ ಕೆಲಸ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಎಕ್ಸ್‌ರೇ ತೆಗೆದ ಪ್ಲೇಟನ್ನು ತಡವಾಗಿ ಸ್ಕ್ಯಾನ್ ಮಾಡಿದರೆ ಏನಾಗುತ್ತೆ? ಇದನ್ನು ಯಾರಾದರೂ ಕೇಳಲಿ ಎಂದು ಬಹಳ ದಿನದಿಂದ ಕಾಯುತ್ತಿದ್ದೆ. ಹಾಗಾಗಿ ಇದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಕೆಳಗಿನ ದವಡೆ ಹಲ್ಲು ನೋವೆಂದು ಕ್ಲಿನಿಕ್ಕಿಗೆ ಹೋಗಿದ್ದೆ. ಬಾಯಲ್ಲಿ ಸಣ್ಣ ಪ್ಲೇಟ್ ಇಟ್ಟು ಎಕ್ಸ್‌ರೇ ತೆಗೆದರು. ಅಷ್ಟರಲ್ಲಿ ಕರೆಂಟ್ ಹೋಯಿತು. ‘ಸ್ಕ್ಯಾನ್ ಆಮೇಲೆ ಮಾಡ್ತೀವಿ, ನಾಳೆ ಬನ್ನಿ’ ಅಂದರು. ಮರುದಿನ ಹೋದರೆ ಚಿತ್ರ ಸರಿ ಬಂದಿಲ್ಲ, ಇನ್ನೊಂದು ತೆಗೀಬೇಕು ಅಂದರು. ತೆಗೆದ ಎಕ್ಸ್‌ರೇ ಪ್ಲೇಟಿನಲ್ಲೇ ಇರುತ್ತಲ್ಲ, ಅದು ಹೇಗೆ ಕೆಡುತ್ತೆ? ದುಡ್ಡಿಗಾಗಿ ಹೇಳಿದರಾ?
— ಓದುಗರೊಬ್ಬರು, ಸಿಂಧನೂರು

ಉತ್ತರ: ಇಲ್ಲ, ದುಡ್ಡಿಗಾಗಿ ಹೇಳಿದಂತೆ ಕಾಣಲ್ಲ. ಪ್ಲೇಟಿನಲ್ಲಿರುವ ಚಿತ್ರ ನಿಜವಾಗಿಯೂ ಕೆಡುತ್ತೆ. ತೆಗೆದದ್ದು ಪ್ಲೇಟಿನಲ್ಲೇ ಇರುತ್ತೆ ಅನ್ನೋದು ಸರಿ, ಆದರೆ ಇದ್ದ ಹಾಗೇ ಇರಲ್ಲ.

ಹಲ್ಲಿನ ಡಿಜಿಟಲ್ ಎಕ್ಸ್‌ರೇಯಲ್ಲಿ ಎರಡು ಬಗೆ ಇವೆ. ಒಂದರಲ್ಲಿ ಬಾಯೊಳಗೆ ಇಡುವ ತುಂಡಿಗೆ ವೈರ್ ಇರುತ್ತೆ, ಅದು ಕಂಪ್ಯೂಟರಿಗೆ ಹೋಗುತ್ತೆ. ಇದು ಸೆನ್ಸರ್. ಕ್ಲಿನಿಕ್ಕುಗಳಲ್ಲಿ ಆರ್‌ವಿಜಿ ಅಂತಲೂ ಅನ್ನುತ್ತಾರೆ. 1987ರಲ್ಲಿ ಫ್ರಾನ್ಸಿನ ಟ್ರೋಫಿ ಕಂಪನಿ ತಂದ ಯಂತ್ರದ ಹೆಸರು ಅದು, ಹಾಗೇ ಬಾಯಲ್ಲಿ ಉಳಿದುಬಿಟ್ಟಿದೆ. ಇದರಲ್ಲಿ ಚಿತ್ರ ಆಗಲೇ ಪರದೆ ಮೇಲೆ ಬರುತ್ತೆ. ತಡದ ಮಾತೇ ಇಲ್ಲ. ಇನ್ನೊಂದು, ವೈರ್ ಇಲ್ಲದ ಪ್ಲೇಟ್. ತೆಳ್ಳಗೆ, ಸ್ವಲ್ಪ ಬಾಗುವಂತೆ ಇರುತ್ತೆ. ದೊಡ್ಡವರಿಗೆ ಸಾಮಾನ್ಯವಾಗಿ ಬಳಸುವುದು 31 ಮಿಲಿಮೀಟರ್ ಅಗಲ, 41 ಮಿಲಿಮೀಟರ್ ಉದ್ದದ್ದು. ಬಾಯಲ್ಲಿ ಒತ್ತುವುದು ಕಡಿಮೆ. ಮಕ್ಕಳಿಗೆ, ಬಾಯಲ್ಲಿ ಏನಿಟ್ಟರೂ ವಾಂತಿ ಬಂದಂತಾಗುವವರಿಗೆ ಇದೇ ಒಳ್ಳೆಯದು. ನಿಮಗೆ ಇಟ್ಟದ್ದು ಇದು.

ಈ ಪ್ಲೇಟಿನ ಒಂದು ಮೈಗೆ ಬೇರಿಯಂ, ಫ್ಲೋರಿನ್, ಬ್ರೋಮಿನ್ ಸೇರಿದ ಹರಳಿನ ನುಣ್ಣನೆಯ ಪುಡಿ ಬಳಿದಿರುತ್ತಾರೆ. ಅದಕ್ಕೆ ಚೂರೇ ಚೂರು ಯುರೋಪಿಯಂ ಬೆರೆಸಿರುತ್ತಾರೆ. ಎಕ್ಸ್‌ರೇ ಬಿದ್ದಾಗ ಹರಳಿನ ಒಳಗಿನ ಎಲೆಕ್ಟ್ರಾನುಗಳು ಎದ್ದು, ಅಲ್ಲೇ ಇರುವ ಖಾಲಿ ಜಾಗಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಎಕ್ಸ್‌ರೇ ಜಾಸ್ತಿ ಬಿದ್ದ ಕಡೆ ಜಾಸ್ತಿ, ಹಲ್ಲು ಅಡ್ಡ ಬಂದ ಕಡೆ ಕಡಿಮೆ. ಹೊರಗಿನಿಂದ ನೋಡಿದರೆ ಏನೂ ಕಾಣಲ್ಲ. ಸ್ಕ್ಯಾನರಿನಲ್ಲಿ ಕೆಂಪು ಲೇಸರ್ ಪ್ಲೇಟಿನ ಮೇಲೆ ಗೆರೆ ಗೆರೆಯಾಗಿ ಓಡುತ್ತೆ. ಸಿಕ್ಕಿಕೊಂಡ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ನೀಲಿ ಬೆಳಕು ಕೊಡುತ್ತವೆ. ಆ ನೀಲಿ ಬೆಳಕನ್ನು ಅಳೆದೇ ಚಿತ್ರ ಮಾಡುವುದು.

ಆದರೆ ಲೇಸರ್ ಬರುವ ತನಕ ಆ ಎಲೆಕ್ಟ್ರಾನುಗಳು ಸುಮ್ನೆ ಕೂತಿರಲ್ಲ. ಒಂದಷ್ಟು ತಾವಾಗೇ ಬಿಟ್ಟು ಹೋಗುತ್ತಿರುತ್ತವೆ, ಕತ್ತಲಲ್ಲಿ ಇಟ್ಟರೂ. ಕೆಲವು ಬಗೆಯ ಪ್ಲೇಟುಗಳಲ್ಲಿ ಮೊದಲ 30 ನಿಮಿಷಕ್ಕೇ ಶೇಕಡಾ 23ರಷ್ಟು, 1 ಗಂಟೆಗೆ ಶೇಕಡಾ 30ರಷ್ಟು ಹೋಗಿರುತ್ತವೆ. ಈ ಲೆಕ್ಕವನ್ನು ಗಮನಿಸಿ. ಮೊದಲ ಅರ್ಧ ಗಂಟೆಯಲ್ಲಿ 23, ಮುಂದಿನ ಅರ್ಧ ಗಂಟೆಯಲ್ಲಿ ಬರೀ 7. ಹೋಗುವುದು ಮೊದಲೇ ಜೋರು, ಆಮೇಲೆ ನಿಧಾನ. ಇನ್ನು ಕೆಲವು ಪ್ಲೇಟುಗಳು ಜಾಸ್ತಿ ಹೊತ್ತು ಹಿಡಿದಿಟ್ಟುಕೊಳ್ಳುತ್ತವೆ. ದೊಡ್ಡ ಆಸ್ಪತ್ರೆಗಳಲ್ಲಿ ಎದೆ, ಕೈಕಾಲಿನ ಎಕ್ಸ್‌ರೇಗೂ ಇದೇ ಬಗೆಯ ಪ್ಲೇಟ್ ಬಳಸುತ್ತಾರೆ. ಅವುಗಳ ವಿಷಯದಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ 8 ಗಂಟೆಗೆ ಸುಮಾರು ಕಾಲು ಭಾಗ. ಪ್ಲೇಟಿನಲ್ಲಿ ಏನೇನು ಬೆರೆಸಿದ್ದಾರೆ, ಕೋಣೆ ಎಷ್ಟು ಬಿಸಿಯಿದೆ ಎಂಬುದರ ಮೇಲೆ ಇದು ನಿಂತಿದೆ. ಬಿಸಿ ಜಾಸ್ತಿಯಾದರೆ ಹೋಗುವುದೂ ಜಾಸ್ತಿ. ಏಪ್ರಿಲ್ ಮೇ ತಿಂಗಳಲ್ಲಿ ಸಿಂಧನೂರಿನಲ್ಲಿ ಕರೆಂಟ್ ಹೋಗಿ ಫ್ಯಾನೂ ನಿಂತ ಕೋಣೆ ಹೇಗಿರುತ್ತೆ ಅಂತ ನಿಮಗೇ ಗೊತ್ತು.

ಅರ್ಧಕ್ಕರ್ಧ ಚಿತ್ರ ಅಳಿಸಿಹೋಯಿತು ಎಂದು ಇದರ ಅರ್ಥವಲ್ಲ. ಎಲೆಕ್ಟ್ರಾನುಗಳು ಪ್ಲೇಟಿನ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಕಡಿಮೆ ಆಗುತ್ತವೆ. ಹಾಗಾಗಿ ಹಲ್ಲಿಗೂ ಮೂಳೆಗೂ ಇರುವ ವ್ಯತ್ಯಾಸ ಬಹುಪಾಲು ಉಳಿಯುತ್ತೆ. ಎಕ್ಸ್‌ರೇ ಸರಿಯಾದ ಪ್ರಮಾಣದಲ್ಲಿ ಬಿದ್ದು, ಪ್ಲೇಟನ್ನು ಕತ್ತಲಲ್ಲಿ, ತಂಪಾಗಿ ಇಟ್ಟಿದ್ದರೆ 12 ಗಂಟೆ, 24 ಗಂಟೆ ಆದ ಮೇಲೂ ಓದಬಲ್ಲ ಚಿತ್ರ ಬರುತ್ತೆ. ಹಾಗಾದರೆ ನಿಮ್ಮದು ಯಾಕೆ ಕೆಟ್ಟಿತು? ಎರಡು ಕಾರಣ ಇರಬಹುದು. ಎಕ್ಸ್‌ರೇ ಬಿದ್ದದ್ದೇ ಕಡಿಮೆ ಇದ್ದಿರಬಹುದು. ಕೂಡಿದ್ದೇ ಕಡಿಮೆ ಇದ್ದಾಗ ಅದರಲ್ಲಿ ಕಾಲು ಭಾಗ ಹೋದರೆ ಚಿತ್ರ ತುಂಬ ಮರಳು ಮರಳಾಗಿ ಬರುತ್ತೆ. ಇಲ್ಲವೇ ಪ್ಲೇಟ್ ಬೆಳಕಿಗೆ ಬಿದ್ದಿರಬಹುದು. ಹೊತ್ತಿಗಿಂತ ಬೆಳಕೇ ದೊಡ್ಡ ಶತ್ರು. ಇದರ ಬಗ್ಗೆ ಮುಂದಿನ ಉತ್ತರದಲ್ಲಿ ಹೇಳುತ್ತೇನೆ.

ಚಿತ್ರ ಸರಿಯಿಲ್ಲದಿದ್ದರೆ ಇನ್ನೊಂದು ತೆಗೆಯುವುದೇ ಸರಿ. ಮಸುಕು ಚಿತ್ರ ನೋಡಿ ಹಲ್ಲು ಕೀಳುವುದು ದೊಡ್ಡ ತಪ್ಪಾಗುತ್ತೆ. ಆದರೆ ಎರಡನೆಯದಕ್ಕೆ ನಿಮ್ಮಿಂದ ದುಡ್ಡು ತೆಗೆದುಕೊಳ್ಳಬಾರದು, ಇದು ನನ್ನ ಖಚಿತ ಅಭಿಪ್ರಾಯ. ಒಂದು ಪ್ಲೇಟ್ ಓದಲು ಸ್ಕ್ಯಾನರಿಗೆ ಬೇಕಾಗುವುದು ಸೆಕೆಂಡುಗಳ ಕೆಲಸ. ಸ್ಕ್ಯಾನರಿಗೂ ಕಂಪ್ಯೂಟರಿಗೂ ಒಂದು ಯುಪಿಎಸ್ ಇದ್ದಿದ್ದರೆ ನೀವು ಕುರ್ಚಿಯಿಂದ ಇಳಿಯುವ ಮೊದಲೇ ಮುಗಿಯುತ್ತಿತ್ತು. ನಮ್ಮ ಭಾಗದಲ್ಲಿ ಕರೆಂಟ್ ಹೋಗುವುದು ಹೊಸ ಸುದ್ದಿಯೇನಲ್ಲ ಅಲ್ವಾ? ಪ್ಲೇಟ್ ಸ್ಕ್ಯಾನರ್ ಕೊಂಡವರು ಯುಪಿಎಸ್ ಕೂಡ ಜೊತೆಗೇ ಕೊಳ್ಳಬೇಕು.

ಪ್ರಶ್ನೆ: ನಾನು ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಅಸಿಸ್ಟೆಂಟ್ ಕೆಲಸ ಮಾಡುತ್ತೇನೆ ಅಕ್ಕಾ. ನಮ್ಮ ಡಾಕ್ಟರು ಹಿಂದೆ ಫಿಲ್ಮ್ ಬಳಸುತ್ತಿದ್ದವರು. ಈಗ ಪ್ಲೇಟ್ ಬಂದಿದೆ. ಬೆಳಗಿನಿಂದ ತೆಗೆದ ಪ್ಲೇಟುಗಳನ್ನೆಲ್ಲ ಟ್ರೇನಲ್ಲಿ ಕೂಡಿಟ್ಟು ಮಧ್ಯಾಹ್ನ ಒಟ್ಟಿಗೆ ಸ್ಕ್ಯಾನ್ ಮಾಡುತ್ತೇನೆ. ಹಳೇ ಡಾರ್ಕ್ ರೂಮ್ ಇದೆ, ಕೆಂಪು ಬಲ್ಬ್ ಹಾಕಿಕೊಂಡು ಅಲ್ಲೇ ಕವರ್ ಬಿಚ್ಚುತ್ತೇನೆ. ಸರೀನಾ?
— ಗಂಗಾವತಿ

ಉತ್ತರ: ತಂಗೀ, ನೀನು ಇಷ್ಟು ಎಚ್ಚರ ವಹಿಸಿ ಡಾರ್ಕ್ ರೂಮಿಗೆ ಹೋಗುತ್ತೀಯಲ್ಲ, ಅದಕ್ಕೆ ಸಂತೋಷ. ಆದರೆ ಆ ಕೆಂಪು ಬಲ್ಬನ್ನು ಇವತ್ತೇ ಆರಿಸು.

ಕೂಡಿಟ್ಟು ಒಟ್ಟಿಗೆ ಮಾಡುವ ರೂಢಿ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತೆ. ಫಿಲ್ಮ್ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದೆವು. ಡೆವಲಪರ್, ನೀರು, ಫಿಕ್ಸರ್ ಎಲ್ಲ ಕಲಸಿಟ್ಟು ಒಂದೊಂದೇ ಫಿಲ್ಮ್ ತೊಳೆಯಲು ಯಾರಿಗೆ ಪುರುಸೊತ್ತು? ಸಂಜೆ ಎಲ್ಲವನ್ನೂ ಕ್ಲಿಪ್ಪಿಗೆ ಸಿಕ್ಕಿಸಿ ಒಟ್ಟಿಗೆ ತೊಳೆಯುತ್ತಿದ್ದೆವು. ಫಿಲ್ಮಿನಲ್ಲಿ ಬೆಳ್ಳಿಯ ಉಪ್ಪು ಇರುತ್ತೆ, ಅದು ಎಕ್ಸ್‌ರೇಯ ಗುರುತನ್ನು ದಿನಗಟ್ಟಲೆ ಇಟ್ಟುಕೊಳ್ಳುತ್ತೆ. ಬೆಳಿಗ್ಗೆ ತೆಗೆದು ಸಂಜೆ ತೊಳೆದರೆ ಏನೂ ನಷ್ಟ ಇರಲಿಲ್ಲ. ಫಿಲ್ಮ್ ಹೋಗಿ ಪ್ಲೇಟ್ ಬಂತು, ರೂಢಿ ಮಾತ್ರ ಹಾಗೇ ಉಳಿಯಿತು. ಆಕಾರದಲ್ಲಿ ಎರಡೂ ಒಂದೇ ಥರ ಇರುವುದೂ ಇದಕ್ಕೆ ಕಾರಣ.

ಕೆಂಪು ಬಲ್ಬಿನ ವಿಷಯಕ್ಕೆ ಬರುತ್ತೇನೆ. ಆ ಫಿಲ್ಮಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ, ಅದಕ್ಕೇ ಡಾರ್ಕ್ ರೂಮಿನಲ್ಲಿ ಕೆಂಪು ಬಲ್ಬ್ ಇಟ್ಟದ್ದು. ಪ್ಲೇಟಿಗೆ ಇದು ಪೂರಾ ಉಲ್ಟಾ. ಸ್ಕ್ಯಾನರ್ ಒಳಗೆ ಎಲೆಕ್ಟ್ರಾನುಗಳನ್ನು ಬಿಡಿಸುವುದು ಕೆಂಪು ಲೇಸರ್ ಅಂತ ಮೇಲೆ ಹೇಳಿದೆನಲ್ಲ? ನಿನ್ನ ಬಲ್ಬೂ ಅದೇ ಕೆಲಸ ಮಾಡುತ್ತೆ. ಯಾರೂ ಅಳೆಯದೆ ಚಿತ್ರ ಅಲ್ಲೇ ಸೋರಿಹೋಗುತ್ತೆ. ಟ್ಯೂಬ್‌ಲೈಟ್, ಕಿಟಕಿಯ ಬಿಸಿಲು, ಡಾಕ್ಟರ ಕುರ್ಚಿ ಮೇಲಿನ ದೊಡ್ಡ ದೀಪ ಎಲ್ಲವೂ ಹೀಗೇ. ಗಂಟೆಗಟ್ಟಲೆ ಕತ್ತಲಲ್ಲಿ ಇಟ್ಟರೆ ಆಗುವ ನಷ್ಟ ಬರಿಮೈಯ ಪ್ಲೇಟನ್ನು ಬೆಳಕಿಗೆ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಆಗಿಬಿಡುತ್ತೆ.

ಇದನ್ನು ಚಿತ್ರದಲ್ಲೇ ಗುರುತು ಹಿಡಿಯಬಹುದು. ಬರೀ ಹೊತ್ತಾಗಿದ್ದರೆ ಇಡೀ ಚಿತ್ರ ಒಂದೇ ಸಮ ಬೆಳ್ಳಗಾಗಿ, ಮರಳು ಉದುರಿಸಿದಂತೆ ಕಾಣುತ್ತೆ. ಬೆಳಕು ಬಿದ್ದಿದ್ದರೆ ಒಂದು ಮೂಲೆಯಲ್ಲೋ ಒಂದು ಅಂಚಿನಲ್ಲೋ ಬಿಳಿ ಮೋಡ ಕವಿದ ಹಾಗೆ ಇರುತ್ತೆ. ಕವರ್ ಹರಿದು ಪ್ಲೇಟ್ ಅರ್ಧ ಹೊರಗೆ ಬಂದು ಇನ್ನೊಂದರ ಕೆಳಗೆ ಬಿದ್ದಿದ್ದರೆ, ಮೇಲಿದ್ದ ಪ್ಲೇಟಿನ ಅಂಚೇ ಗೆರೆಯಾಗಿ ಮೂಡುತ್ತೆ. ಇಂಥ ಒಂದು ಚಿತ್ರ ನನ್ನ ಮುಂದೆ ಬಂದಿತ್ತು. ಮೇಲಿನ ದವಡೆಯ ಕೊನೆಯ ಎರಡು ಹಲ್ಲುಗಳ ಬೇರಿನ ಮೇಲೆ ನೇರವಾದ ಒಂದು ಗಡಿ. ಆ ಕಡೆ ಬೆಳ್ಳಗೆ, ಈ ಕಡೆ ಸರಿ. ದೇಹದಲ್ಲಿ ಯಾವ ಮೂಳೆಯೂ ಅಷ್ಟು ನೇರ ಗೆರೆಯಲ್ಲಿ ಮುಗಿಯಲ್ಲ. ಬೆಳ್ಳಗಾದ ಆ ಭಾಗದಲ್ಲಿ ಬೇರಿನ ತುದಿಯಲ್ಲಿ ಕೀವು ಇತ್ತೋ ಇಲ್ಲವೋ ಹೇಳಲು ದಾರಿಯೇ ಇರಲಿಲ್ಲ.

ನೀನು ಹೀಗೆ ಮಾಡು. ಎಕ್ಸ್‌ರೇ ಆದ ತಕ್ಷಣ ಪ್ಲೇಟನ್ನು ಕವರಿನ ಸಮೇತ ಬಾಯಿಂದ ತೆಗೆದು, ಜೊಲ್ಲು ಒರೆಸಿ, ಸ್ಕ್ಯಾನರ್ ಹತ್ತಿರ ಒಯ್ಯಿ. ಆ ಕೋಣೆಯ ದೊಡ್ಡ ದೀಪ ಆರಿಸಿರಲಿ, ಪರದೆ ಎಳೆದಿರಲಿ. ಸಣ್ಣ ಮಬ್ಬು ಬೆಳಕು ಸಾಕು. ಸ್ಕ್ಯಾನರಿನ ಬಾಯಿಯ ಹತ್ತಿರವೇ ಕವರ್ ಹರಿದು, ಬೆರಳು ಲೇಪಕ್ಕೆ ತಾಗದಂತೆ ಪ್ಲೇಟನ್ನು ನೇರ ಒಳಗೆ ಜಾರಿಸು. ಕವರ್ ಮೊದಲೇ ಹರಿದು ಟ್ರೇನಲ್ಲಿ ಸಾಲಾಗಿ ಇಡಬೇಡ. ಒಬ್ಬರದೇ ಬಾಯಿಯ ಹತ್ತಾರು ಪ್ಲೇಟ್ ಇದ್ದರೆ ಮೊದಲು ತೆಗೆದದ್ದನ್ನು ಮೊದಲು ಹಾಕು, ಯಾಕೆಂದರೆ ಅದಕ್ಕೆ ಆಗಲೇ ವಯಸ್ಸಾಗಿರುತ್ತೆ. ಏನೇ ಮಾಡಿದರೂ ಕೂಡಲೇ ಆಗದಿದ್ದರೆ, ಕವರ್ ಬಿಚ್ಚದೆ ಮುಚ್ಚಳ ಇರುವ ಕಪ್ಪು ಡಬ್ಬಿಯಲ್ಲಿ ಹಾಕಿ ತಂಪಾದ ಜಾಗದಲ್ಲಿ ಇಡು. ಸ್ಟೆರಿಲೈಸರ್ ಪಕ್ಕದಲ್ಲಿ ಖಂಡಿತ ಬೇಡ. ಪೇಷಂಟಿನ ಹೆಸರು, ತೆಗೆದ ಹೊತ್ತು ಡಬ್ಬಿ ಮೇಲೆ ಬರೆ.

ಡಾಕ್ಟರಿಗೆ ಹೇಗೆ ಹೇಳಲಿ ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀಯ. ಈ ಪುಟವನ್ನು ಅವರ ಮೇಜಿನ ಮೇಲಿಡು. ಅವರು ಓದುತ್ತಾರೆ.

ಪ್ರಶ್ನೆ: ನಾನೂ ದಂತವೈದ್ಯ. ನಮ್ಮ ಸಾಫ್ಟ್‌ವೇರ್ ಬೆಳಕು, ಕಾಂಟ್ರಾಸ್ಟ್ ಎಲ್ಲವನ್ನೂ ತಾನೇ ಸರಿಮಾಡಿ ತೋರಿಸುತ್ತದೆ. ಎರಡು ಮೂರು ಗಂಟೆ ತಡವಾದರೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಈ ವಿಷಯವನ್ನು ಅಗತ್ಯಕ್ಕಿಂತ ದೊಡ್ಡದು ಮಾಡುತ್ತಿದ್ದೇವೆ ಅನಿಸುವುದಿಲ್ಲವೇ?
— ಬಳ್ಳಾರಿ

ಉತ್ತರ: ಡಾಕ್ಟರೇ, ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ದೊಡ್ಡ ಹುಳುಕು, ಮುರಿದ ಬೇರು, ಹೊರಗೆ ಬರದ ಬುದ್ಧಿಹಲ್ಲು, ಬೇರಿನ ತುದಿಯ ಕಡಲೆಕಾಳು ಗಾತ್ರದ ಕಪ್ಪು: ಇವು ಮೂರು ಗಂಟೆ ತಡವಾದ ಚಿತ್ರದಲ್ಲೂ ಕಾಣುತ್ತವೆ. ತಡವಾದ ಪ್ರತಿಯೊಂದು ಪ್ಲೇಟನ್ನೂ ಬಿಸಾಡಿ ಎಂದು ನಾನು ಹೇಳಲ್ಲ. ಸುಮ್ನೆ ಮರು ಎಕ್ಸ್‌ರೇ ತೆಗೆಯುವುದೂ ತಪ್ಪೇ.

ಆದರೆ ಸಾಫ್ಟ್‌ವೇರ್ ಸರಿಮಾಡುತ್ತೆ ಎಂಬ ಮಾತನ್ನು ನಾನು ಒಪ್ಪಲ್ಲ. ಅದು ಮಾಡುವುದು ಉಳಿದ ಸಂಕೇತವನ್ನು ಎತ್ತಿ ತೋರಿಸುವ ಕೆಲಸ. ದೂರದ ಸ್ಟೇಷನ್ ಕ್ಷೀಣವಾಗಿ ಬರುವಾಗ ರೇಡಿಯೊ ವಾಲ್ಯೂಮ್ ಜಾಸ್ತಿ ಮಾಡಿದರೆ ಮಾತಿನ ಜೊತೆ ಗೊರಗೊರ ಸದ್ದೂ ಜಾಸ್ತಿ ಆಗುತ್ತಲ್ಲ, ಹಾಗೆ. ಪರದೆ ಮೇಲೆ ಚಿತ್ರದ ಬೆಳಕು ಸರಿಯಾಗಿಯೇ ಕಾಣುತ್ತೆ, ಅದರೊಳಗಿನ ಮರಳು ಹೆಚ್ಚಿರುತ್ತೆ. ಬಿಟ್ಟು ಹೋದ ಎಲೆಕ್ಟ್ರಾನುಗಳನ್ನು ಯಾವ ಬಟನ್ನೂ ವಾಪಸ್ ತರಲ್ಲ.

ಆ ಮರಳಿನಲ್ಲಿ ಮೊದಲು ಮುಳುಗುವುದು ಯಾವುದು? ನಾವು ಹುಡುಕುವ ಅತಿ ಸಣ್ಣ ವಿಷಯಗಳೇ. ಎರಡು ಹಲ್ಲು ಒಂದಕ್ಕೊಂದು ತಾಗುವ ಜಾಗದ ಕೆಳಗೆ ಎನಾಮಲಿನಲ್ಲಿ ಶುರುವಾದ ಹುಳುಕನ್ನು ಕಣ್ಣೆದುರು ತಂದುಕೊಳ್ಳಿ. ಎನಾಮಲ್ ಬೆಳ್ಳಗೆ, ಅದರ ಹೊರ ಅಂಚಿನಿಂದ ಒಳಕ್ಕೆ ಚೂಪಾಗಿ ಹೋದ ಸಣ್ಣ ತ್ರಿಕೋನದಂಥ ಬೂದು ನೆರಳು. ಸುತ್ತಲಿನ ಬಿಳಿಗೂ ಅದಕ್ಕೂ ಇರುವ ವ್ಯತ್ಯಾಸ ಚೂರೇ ಚೂರು. ಮರಳು ಆ ವ್ಯತ್ಯಾಸಕ್ಕಿಂತ ಜಾಸ್ತಿ ಆಯಿತೋ, ನೆರಳು ಹೋಯಿತು. ಅದು ಈ ಹಂತದಲ್ಲೇ ಕಂಡಿದ್ದರೆ ಫ್ಲೋರೈಡ್ ವಾರ್ನಿಷ್ ಹಚ್ಚಿ, ಹಲ್ಲುಜ್ಜುವ ರೀತಿ ಹೇಳಿಕೊಟ್ಟು ಕಾಯಬಹುದಿತ್ತು. ಕಾಣದೆ ಹೋದರೆ ಪೇಷಂಟ್ ಬರುವುದು ನೋವು ಶುರುವಾದ ಮೇಲೆ.

ಇನ್ನೊಂದು, ರೂಟ್ ಕೆನಾಲ್ ಮಾಡುವಾಗ ಬೇರಿನ ಒಳಗಿಟ್ಟ ಫೈಲಿನ, ಅಂದರೆ ಸೂಜಿಯಂಥ ತೆಳು ಉಪಕರಣದ ತುದಿ. 10 ನಂಬರ್ ಫೈಲಿನ ತುದಿ ಬರೀ 0.10 ಮಿಲಿಮೀಟರ್. 15ರದ್ದು 0.15. ಮೊದಲನೇ ದವಡೆ ಹಲ್ಲಿನ ಬೇರು, ಅದರ ಸುತ್ತ ದಟ್ಟ ಮೂಳೆ, ಆ ನಡುವೆ ಈ ಕೂದಲೆಳೆಯ ತುದಿ. ಚೆನ್ನಾದ ಚಿತ್ರದಲ್ಲೇ ಕಣ್ಣು ಕಿರಿದು ಮಾಡಿ ನೋಡುತ್ತೇವೆ. ಮಸುಕಾದ ಚಿತ್ರದಲ್ಲಿ ಫೈಲು ನಿಜಕ್ಕಿಂತ ಮೊದಲೇ ಮುಗಿದಂತೆ ಕಾಣುತ್ತೆ. ಅದನ್ನು ನಂಬಿ ಅಳತೆ ಹಾಕಿದರೆ ಬೇರು ದಾಟಿ ಹೋಗುತ್ತೇವೆ.

ನನ್ನ ಮಾತು ನಂಬಬೇಡಿ, ನಿಮ್ಮ ಕ್ಲಿನಿಕ್ಕಿನಲ್ಲೇ ಪರೀಕ್ಷೆ ಮಾಡಿ. ವಿದ್ಯಾರ್ಥಿಗಳಿಗೆ ನಾನು ಇದನ್ನು ಮಾಡಿ ತೋರಿಸುತ್ತೇನೆ. ಕಿತ್ತ ಒಂದು ಹಲ್ಲು, ಅದರ ಪಕ್ಕ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಅಲ್ಯುಮಿನಿಯಂ ತುಂಡು. ಯಂತ್ರ, ದೂರ, ಸಮಯ ಏನನ್ನೂ ಬದಲಿಸದೆ ಒಂದೇ ಪ್ಲೇಟಿನಲ್ಲಿ ಬೇರೆ ಬೇರೆ ಸಲ ತೆಗೆಯಿರಿ. ಒಮ್ಮೆ ಕೂಡಲೇ ಸ್ಕ್ಯಾನ್, ಒಮ್ಮೆ ಗಂಟೆ ಬಿಟ್ಟು, ಒಮ್ಮೆ ಬೆಳಿಗ್ಗೆ ತೆಗೆದು ಸಂಜೆಗೆ. ಸಾಫ್ಟ್‌ವೇರಿನ ತಾನಾಗಿ ಸರಿಮಾಡುವ ಆಯ್ಕೆಯನ್ನು ಮರೆಯದೆ ಆಫ್ ಮಾಡಿ, ಇಲ್ಲದಿದ್ದರೆ ಏನೂ ಗೊತ್ತಾಗಲ್ಲ. ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟು ಮೆಟ್ಟಿಲುಗಳನ್ನು ನೋಡಿ. ತಡವಾದ ಚಿತ್ರದಲ್ಲಿ ದಪ್ಪ ಕಡೆಯ ಮೆಟ್ಟಿಲುಗಳು ಒಂದರೊಳಗೊಂದು ಬೆರೆತು, ಎಲ್ಲಿ ಒಂದು ಮುಗಿಯಿತು ಎಂದು ಹೇಳಲಾಗದಂತೆ ಆಗುತ್ತಾ ಹೋಗುತ್ತವೆ. ನಿಮ್ಮ ಪ್ಲೇಟ್ ಎಷ್ಟು ಹೊತ್ತು ತಡೆಯುತ್ತೆ ಎಂಬುದು ಆಗ ನಿಮಗೇ ಗೊತ್ತಾಗುತ್ತೆ. ಕಂಪನಿಯಿಂದ ಕಂಪನಿಗೆ ಇದರಲ್ಲಿ ವ್ಯತ್ಯಾಸ ಇದೆ. ಪರೀಕ್ಷೆಯನ್ನು ಚಳಿಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಮಾಡಿದರೆ ಇನ್ನೂ ಒಳ್ಳೆಯದು. ನಮ್ಮ ಬಳ್ಳಾರಿ, ರಾಯಚೂರಿನ ಬೇಸಿಗೆ ಆ ಪ್ಲೇಟ್ ತಯಾರಾದ ಊರಿನ ಬೇಸಿಗೆಯಲ್ಲ.

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ವಿಷಯ. ತಡವಾಗಿ ಸ್ಕ್ಯಾನ್ ಮಾಡುವ ಕ್ಲಿನಿಕ್ಕಿನಲ್ಲಿ ಚಿತ್ರ ಮರಳಾಗಿ ಬರುತ್ತೆ. ಕಾರಣ ಗೊತ್ತಿಲ್ಲದವರು ಎಕ್ಸ್‌ರೇ ಸಮಯವನ್ನು ಸ್ವಲ್ಪ ಏರಿಸುತ್ತಾರೆ. ಚಿತ್ರ ಚೆನ್ನಾಗುತ್ತೆ. ಅದೇ ರೂಢಿಯಾಗುತ್ತೆ. ಹೀಗೆ ಪ್ರತಿ ಪೇಷಂಟಿಗೂ ಬೇಕಾದ್ದಕ್ಕಿಂತ ಜಾಸ್ತಿ ವಿಕಿರಣ ಬೀಳುತ್ತಾ ಹೋಗುತ್ತೆ. ಫಿಲ್ಮ್ ಆಗಿದ್ದರೆ ಕಪ್ಪಗಾಗಿ ನಮ್ಮನ್ನು ಎಚ್ಚರಿಸುತ್ತಿತ್ತು. ಡಿಜಿಟಲ್ ಚಿತ್ರ ಹಾಗೆ ಎಚ್ಚರಿಸಲ್ಲ. ಕೂಡಲೇ ಸ್ಕ್ಯಾನ್ ಮಾಡಿದರೆ ಏನೂ ಖರ್ಚಿಲ್ಲದೆ ಇದು ತಪ್ಪುತ್ತೆ.

ಪ್ರಶ್ನೆ: ನಮ್ಮ ಸಂಘದಿಂದ ಹಳ್ಳಿ ಶಾಲೆಗಳಲ್ಲಿ ಹಲ್ಲಿನ ಶಿಬಿರ ಮಾಡಬೇಕೆಂದಿದ್ದೇವೆ. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ತರುತ್ತೇವೆ ಎಂದು ಒಬ್ಬರು ಹೇಳಿದ್ದಾರೆ. ಪ್ಲೇಟುಗಳನ್ನು ಮರುದಿನ ಕೊಪ್ಪಳಕ್ಕೆ ಒಯ್ದು ಸ್ಕ್ಯಾನ್ ಮಾಡಿಸಬಹುದೇ?
— ಕುಷ್ಟಗಿ

ಉತ್ತರ: ದಯವಿಟ್ಟು ಬೇಡ. ಪ್ಲೇಟಿನ ವಿಷಯ ಬಿಡಿ, ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಕ್ಸ್‌ರೇ ತೆಗೆಯುವುದೇ ಸರಿಯಲ್ಲ. ಎಕ್ಸ್‌ರೇ ಎಂದರೆ ಡಾಕ್ಟರು ಬಾಯಿ ನೋಡಿ, ಇಂಥ ಹಲ್ಲಿಗೆ ಬೇಕು ಎಂದು ನಿರ್ಧರಿಸಿದ ಮೇಲೆ ತೆಗೆಯುವಂಥದ್ದು. ಯಾವುದೇ ಎಕ್ಸ್‌ರೇ ಯಂತ್ರ ಬಳಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯೂ ಬೇಕು. ಯಂತ್ರ ತರುವವರ ಹತ್ತಿರ ಅದು ಇದೆಯಾ ಕೇಳಿ.

ನಿಮ್ಮ ಭಾಗದಲ್ಲಿ ಇನ್ನೊಂದು ವಿಷಯ ಇದೆ. ಕೊಪ್ಪಳ, ರಾಯಚೂರು, ಬಳ್ಳಾರಿಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಎಂಬುದು ನಮ್ಮ ದೇಶದ ಮಾನದಂಡ. ಅದಕ್ಕಿಂತ ಜಾಸ್ತಿ ಇರುವ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಪಟ್ಟೆ, ಕಂದು ಕಲೆ ಬರುತ್ತವೆ. ತಂದೆ ತಾಯಿ ಇದನ್ನೇ ಹುಳುಕು ಎಂದುಕೊಳ್ಳುತ್ತಾರೆ. ಕಲೆ ಎಕ್ಸ್‌ರೇಯಲ್ಲಿ ಕಾಣಲ್ಲ. ಅದನ್ನು ಕಣ್ಣಿಂದಲೇ ನೋಡಬೇಕು. ಮರುದಿನ ಸ್ಕ್ಯಾನ್ ಆಗಿ ಮಸುಕಾಗಿ ಬಂದ ಚಿತ್ರ ಇಟ್ಟುಕೊಂಡು ಇಂಥ ಮಕ್ಕಳ ಹಲ್ಲಿನಲ್ಲಿ ಹುಳುಕು ಇದೆ, ಇಲ್ಲ ಎಂದು ಹೇಳಹೊರಟರೆ ಎರಡು ಕಡೆಯೂ ತಪ್ಪುತ್ತೆ. ಒಳ್ಳೆಯ ಬೆಳಕು, ಬಾಯಿ ಕನ್ನಡಿ, ಹಲ್ಲು ಒಣಗಿಸಲು ಹತ್ತಿ, ತಾಳ್ಮೆ ಇರುವ ಇಬ್ಬರು ಡಾಕ್ಟರು ಇದ್ದರೆ ಶಿಬಿರ ಚೆನ್ನಾಗಿ ನಡೆಯುತ್ತೆ. ಎಕ್ಸ್‌ರೇ ಬೇಕು ಅನಿಸಿದ ಮಕ್ಕಳಿಗೆ ಚೀಟಿ ಬರೆದು ಕೊಪ್ಪಳಕ್ಕೆ ಕರೆದೊಯ್ಯುವ ವ್ಯವಸ್ಥೆ ಮಾಡಿ. ನಿಮ್ಮ ಸಂಘದ ದುಡ್ಡು ಆ ಬಸ್ ಖರ್ಚಿಗೆ ಹೋಗಲಿ.

ಪ್ರಶ್ನೆ: ಒಂದೇ ಹಲ್ಲಿಗೆ ಎರಡು ಸಲ ಎಕ್ಸ್‌ರೇ ತೆಗೆದರು. ಕ್ಯಾನ್ಸರ್ ಬರುತ್ತಾ ಅಂತ ಮನೆಯಲ್ಲಿ ಹೆದರಿದ್ದಾರೆ.
— ಲಿಂಗಸುಗೂರು

ಉತ್ತರ: ಹೆದರಬೇಡಿ. ಮಣ್ಣು, ಕಲ್ಲು, ಆಕಾಶದಿಂದ ನಮಗೆಲ್ಲ ಸಹಜವಾಗಿ ಬೀಳುವ ವಿಕಿರಣ ಜಗತ್ತಿನ ಸರಾಸರಿ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಒಂದು ಹಲ್ಲಿನ ಸಣ್ಣ ಎಕ್ಸ್‌ರೇಯಲ್ಲಿ ಬೀಳುವುದು ಸಾಮಾನ್ಯವಾಗಿ ಅದರಲ್ಲಿ ಒಂದೆರಡು ದಿನದ ಪಾಲಿನಷ್ಟು ಮಾತ್ರ. 1896ರಲ್ಲಿ ಜರ್ಮನಿಯ ಒಟ್ಟೊ ವಾಲ್ಖಾಫ್ ಮೊದಲ ಸಲ ತಮ್ಮದೇ ಹಲ್ಲಿನ ಎಕ್ಸ್‌ರೇ ತೆಗೆದಾಗ 25 ನಿಮಿಷ ಕೂರಬೇಕಾಯಿತು. ಈಗ ಒಂದು ಸೆಕೆಂಡೂ ಬೇಡ. ಎರಡನೇ ಸಲ ಬೇಕಾಗಿದ್ದರೆ ತೆಗೆದದ್ದು ಸರಿ. ಆದರೆ ಯಾಕೆ ಎರಡನೇ ಸಲ ಎಂದು ಕೇಳುವ ಹಕ್ಕು ನಿಮಗಿದೆ. ‘ಪ್ಲೇಟ್ ಇಟ್ಟ ಜಾಗ ಸರಿ ಇರಲಿಲ್ಲ’, ‘ನೀವು ಅಲುಗಾಡಿದಿರಿ’ ಎಂದರೆ ಒಪ್ಪಬಹುದು. ‘ಸ್ಕ್ಯಾನ್ ಮಾಡೋದು ಮರೆತೆವು’ ಎಂದರೆ ಮುಂದೆ ಎಚ್ಚರ ವಹಿಸಲು ಹೇಳಿ.

ಪ್ರಶ್ನೆ: ನನ್ನ ಎಕ್ಸ್‌ರೇಯಲ್ಲಿ ಹಲ್ಲಿನ ಮೇಲೆ ಇನ್ನೊಂದು ಹಲ್ಲಿನ ನೆರಳು ಇದೆ. ಡಾಕ್ಟರು ಅದು ನಿಮ್ಮದಲ್ಲ ಎನ್ನುತ್ತಾರೆ. ಹಾಗಾದರೆ ಯಾರದು?
— ಸಂಡೂರು

ಉತ್ತರ: ಅದೇ ಪ್ಲೇಟಿನಲ್ಲಿ ನಿಮಗಿಂತ ಮೊದಲು ಎಕ್ಸ್‌ರೇ ತೆಗೆಸಿಕೊಂಡವರದು. ಲೇಸರ್ ಓದಿದ ಮೇಲೂ ಪ್ಲೇಟಿನಲ್ಲಿ ಒಂದಷ್ಟು ಉಳಿದಿರುತ್ತೆ. ಅದನ್ನು ಜೋರು ಬೆಳಕು ಹಾಯಿಸಿ ಪೂರಾ ಅಳಿಸಬೇಕು. ಹಲವು ಸ್ಕ್ಯಾನರುಗಳು ಓದಿದ ಕೂಡಲೇ ತಾವೇ ಅಳಿಸುತ್ತವೆ, ಕೆಲವಕ್ಕೆ ಬೇರೆ ಪೆಟ್ಟಿಗೆ ಇರುತ್ತೆ. ಅಳಿಸುವ ದೀಪ ಹಳೆಯದಾಗಿದ್ದರೆ ಹೀಗಾಗುತ್ತೆ. ಹಬ್ಬಕ್ಕೆಂದು ಕ್ಲಿನಿಕ್ ಮುಚ್ಚಿ ಪ್ಲೇಟುಗಳು ಬಹಳ ದಿನ ಸುಮ್ನೆ ಬಿದ್ದಿದ್ದರೂ ಬಳಸುವ ಮೊದಲು ಒಮ್ಮೆ ಅಳಿಸಬೇಕು, ಸುತ್ತಲಿನ ಸಹಜ ವಿಕಿರಣ ಅವುಗಳಲ್ಲಿ ಕೂಡಿಕೊಂಡಿರುತ್ತೆ. ನಿಮ್ಮ ಚಿತ್ರದಲ್ಲಿ ಆ ನೆರಳು ನೋವಿರುವ ಹಲ್ಲಿನ ಬೇರಿನ ಮೇಲೆ ಬಿದ್ದಿದ್ದರೆ ಅದನ್ನು ಬಿಟ್ಟು ಹೊಸದು ತೆಗೆಸಿ. ಬೇರೆ ಕಡೆ ಇದ್ದರೆ ಆ ಚಿತ್ರವೇ ಸಾಕು.

ಪ್ರಶ್ನೆ: ಎಕ್ಸ್‌ರೇಯನ್ನು ವಾಟ್ಸಾಪಿನಲ್ಲಿ ಬೆಂಗಳೂರಿನ ಡಾಕ್ಟರಿಗೆ ಕಳಿಸಿದೆ. ಸ್ಪಷ್ಟ ಇಲ್ಲ, ಬೇರೆ ತೆಗೆಸಿ ಎಂದರು. ಇಲ್ಲಿಯವರು ಚೆನ್ನಾಗೇ ಇದೆ ಎನ್ನುತ್ತಾರೆ.
— ಸಿರುಗುಪ್ಪ

ಉತ್ತರ: ಇಬ್ಬರೂ ಹೇಳಿದ್ದು ನಿಜ ಇರಬಹುದು. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತೆ. ಕಂಪ್ಯೂಟರ್ ಪರದೆಯ ಫೋಟೊವನ್ನು ಮೊಬೈಲಿನಲ್ಲಿ ಹೊಡೆದು ಕಳಿಸಿದ್ದರೆ ಅಲೆ ಅಲೆಯಂಥ ಗೆರೆಗಳೂ, ಟ್ಯೂಬ್‌ಲೈಟಿನ ಪ್ರತಿಬಿಂಬವೂ ಸೇರಿರುತ್ತವೆ. ಕ್ಲಿನಿಕ್ಕಿನವರ ಹತ್ತಿರ ಮೂಲ ಫೈಲನ್ನೇ ಕೇಳಿ ಪಡೆದು, ಫೋಟೊ ಎಂದು ಆರಿಸದೆ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ, ಇಲ್ಲವೇ ಇಮೇಲ್ ಮಾಡಿ. ಪ್ಲೇಟಿನಲ್ಲಿ ತೆಗೆದದ್ದಾದರೆ, ಎಕ್ಸ್‌ರೇ ಆದ ಎಷ್ಟು ಹೊತ್ತಿಗೆ ಸ್ಕ್ಯಾನ್ ಆಯಿತು ಎಂದೂ ಕೇಳಿ ಬರೆದು ಕಳಿಸಿ. ಅಷ್ಟಾದ ಮೇಲೂ ಅವರು ಸ್ಪಷ್ಟವಿಲ್ಲ ಎಂದರೆ ಆಗ ಹೊಸದು ತೆಗೆಸಿ.